ಹಾಲಮ್ಮನ ಭೂಪಟ

ಬೆಳಗಿನ ಏಳೂವರೆಗೆ ಹಾಲಮ್ಮ ತನ್ನ ಮನೆಯ ಹೊಸಿಲು ದಾಟಿದಳು. ಅದೇ ಕ್ಷಣ, ಎರಡು ಕಿಲೋಮೀಟರು ಆಚೆಯ ಪ್ರಯೋಗಶಾಲೆಯಲ್ಲಿ, ಕಪ್ಪು ಗೋಡೆಯ ಮೇಲೆ ದಾವಣಗೆರೆ ಕಣ್ಣು ಬಿಟ್ಟಿತು.

ಇಡೀ ಊರಲ್ಲ, ಅಂಗೈಯಗಲದಷ್ಟು. ಕತ್ತಲ ನಡುವೆ ಹೆಬ್ಬೆರಳೆತ್ತರದ ಒಬ್ಬ ಹೆಂಗಸು, ನೀಲಿ ಸೀರೆ, ಕೈಯಲ್ಲೊಂದು ಚೀಲ. ಅವಳು ಹೆಜ್ಜೆ ಇಟ್ಟಂತೆ ಸುತ್ತ ಬೆಳಕು ಹರಡುತ್ತಿತ್ತು. ಬೆಳಕಿನಲ್ಲಿ ಒಂದು ಬೇವಿನ ಮರ, ಒಂದು ನಲ್ಲಿ, ಮೂರು ಮನೆ. ನಿಜಕ್ಕೂ ಆ ಬೀದಿಯಲ್ಲಿ ನಲವತ್ತು ಮನೆಗಳಿವೆ. ಈ ಭೂಪಟದಲ್ಲಿ ಮಾತ್ರ ಮೂರೇ, ಅವೂ ಹೆಂಗಸಿನ ಸೊಂಟದೆತ್ತರಕ್ಕೆ. ನಾಲ್ಕು ಹೆಜ್ಜೆಗೆ ಒಂದು ಓಣಿ ಮುಗಿಯುತ್ತಿತ್ತು.

ಇದು ಕ್ಯಾಮರಾ ಕಳಿಸುತ್ತಿದ್ದ ಚಿತ್ರವಲ್ಲ. ಆ ಹೊತ್ತಿಗೆ ಹಾಲಮ್ಮನ ತಲೆಯೊಳಗೆ ಎಚ್ಚರವಾಗಿದ್ದ ಊರು. ಅವಳ ತುರುಬಿನ ಕೆಳಗೆ, ಹೂವಿನ ದಂಡೆಯಷ್ಟು ಹಗುರಾಗಿ, ಹಾದಿಪಟ್ಟಿ ಎಂಬ ಯಂತ್ರ ಸುತ್ತಿಕೊಂಡಿತ್ತು.

ಗೋಡೆಯ ಎದುರು ಡಾಕ್ಟರ್ ಇಂಚರಾ ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು. ಹಾದಿಪಟ್ಟಿಯನ್ನು ಕಂಡುಹಿಡಿದವಳು ಅವಳೇ. ಪಕ್ಕದಲ್ಲಿ ವೈಶಾಖ. ಅರವತ್ತನಾಲ್ಕು ವರ್ಷದ, ಯಾವಾಗಲೂ ಮಂಡಕ್ಕಿಯ ಪೊಟ್ಟಣ ಹಿಡಿದುಕೊಂಡೇ ಇರುವ ಮನುಷ್ಯ. ಪಟ್ಟಿಯೊಳಗಿನ ಭೂಪಟಗಳನ್ನು ಬರೆಯುವವನು ಅವನು.

"ಉಗುರು ಕಚ್ಚಬೇಡಿ ಡಾಕ್ಟ್ರೇ. ಹಸಿವಾದ್ರೆ ಇದನ್ನ ತಿನ್ನಿ," ಎಂದ.

"ತೊಂಬತ್ತು ನಿಮಿಷ ಸಾಕಾಗುತ್ತಾ ಸರ್?"

"ನಲವತ್ತು ನಿಮಿಷದ ದಾರಿ. ನಡುವೆ ಯಾರ ಮನೇಲಾದ್ರೂ ಕೂತು ಉಪ್ಪಿಟ್ಟು ತಿಂದ್ರೂ ಬಂದುಬಿಡ್ತಾಳೆ."

ಇಂಚರಾ ನಗಲಿಲ್ಲ. ಆ ದಿನ ಹಾಲಮ್ಮನಿಗೆ ಸಂಚಾರ ಸಾಮರ್ಥ್ಯ ಮಂಡಳಿಯ ಪರೀಕ್ಷೆ. ಎಲ್ಲಿಗೆ ಹೋಗಬೇಕೆಂಬ ಚೀಟಿಯನ್ನು ಮಂಡಳಿಯವರು ಬೆಳಿಗ್ಗೆಯಷ್ಟೇ ಕೊಟ್ಟಿದ್ದರು: ರೈಲು ಹಳಿಯ ಈಚೆ, ಪ್ರಯೋಗಶಾಲೆಯ ಬೀದಿಯಲ್ಲೇ ಇರುವ ಗ್ರಂಥಾಲಯ. ಒಂಬತ್ತು ಗಂಟೆಯೊಳಗೆ ಒಬ್ಬಳೇ ಬಂದು ಮುಟ್ಟಿದರೆ ಅವಳು ಸ್ವತಂತ್ರಳು. ಮುಟ್ಟದಿದ್ದರೆ ಕೈಗೆ ಕಾವಲು ಬಳೆ ಬೀಳುತ್ತದೆ. ಆ ಬಳೆ ತೊಟ್ಟವರಿಗೆ, ಜೊತೆಗೆ ಇನ್ನೊಬ್ಬರು ಇಲ್ಲದಿದ್ದರೆ, ಅವರ ಮನೆಯ ಬಾಗಿಲೇ ತೆರೆಯುವುದಿಲ್ಲ. ಇದೇ ವರ್ಷ, ೨೦೬೨ರಲ್ಲಿ, ದಾರಿ ತಪ್ಪುವವರನ್ನು ಕಾಪಾಡಲು ಮಾಡಿದ ಕಾನೂನು ಅದು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರು.

"ಬಾಗಿಲು ಹಾಕ್ಕೊಂಡು ಕೂರೋಕೆ ನಾನೇನು ಕೋಳಿ ಏನ್ ಮೇಡಂ?" ಎಂದು ಹಾಲಮ್ಮ ಹಿಂದಿನ ದಿನ ಕೇಳಿದ್ದಳು. ತಮಾಷೆಯ ದನಿಯಲ್ಲೇ ಕೇಳಿದ್ದಳು. ಆದರೆ ಚೀಲದ ಹಿಡಿಕೆ ಹಿಡಿದಿದ್ದ ಅವಳ ಬೆರಳುಗಳನ್ನು ಇಂಚರಾ ನೋಡಿದ್ದಳು.

ಹಾಲಮ್ಮ ಮೂವತ್ತು ವರ್ಷ ಆ ಊರಿನ ನೀರುಗಂಟಿ. ಕಬ್ಬಿಣದ ಉದ್ದನೆಯ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು ಓಣಿ ಓಣಿ ಸುತ್ತಿ, ವಾಲ್ವು ತಿರುಗಿಸಿ, ಯಾವ ಬೀದಿಗೆ ಯಾವ ಹೊತ್ತಿಗೆ ನೀರು ಬಿಡಬೇಕೋ ಬಿಡುತ್ತಿದ್ದವಳು. ವಾಲ್ವುಗಳೆಲ್ಲ ತಾವೇ ತಿರುಗುವ ಕಾಲ ಬಂದ ಮೇಲೂ ಹಳೇ ಪೈಪು ಎಲ್ಲಿ ಹೋಗಿದೆ ಎಂದು ಎಂಜಿನಿಯರುಗಳು ಅವಳನ್ನೇ ಬಂದು ಕೇಳುತ್ತಿದ್ದರು. ಹದಿನಾಲ್ಕು ತಿಂಗಳ ಹಿಂದೆ ರಕ್ತದ ಒಂದು ಸಣ್ಣ ಗರಣೆ ಅವಳ ಮಿದುಳಿನಲ್ಲಿ ಸಿಕ್ಕಿಕೊಂಡಿತು. ಮಾತು ಹೋಗಲಿಲ್ಲ, ಕೈಕಾಲು ಬೀಳಲಿಲ್ಲ, ಮಗಳ ಫೋನ್ ನಂಬರು ಕೂಡ ಮರೆಯಲಿಲ್ಲ. ಹೋದದ್ದು ಊರು. ಮನೆಯ ಮುಂದಿನ ನಲ್ಲಿಗೆ ಹೋದವಳು ತಿರುಗಿದರೆ ಯಾವ ಬಾಗಿಲು ತನ್ನದೆಂದು ತಿಳಿಯದೆ ಕೊಡ ಹಿಡಿದು ನಿಂತುಬಿಡುತ್ತಿದ್ದಳು. ಎಲ್ಲರ ಕಿವಿಯಲ್ಲೂ ಇರುವ ದಾರಿದನಿ ಅವಳ ಕಿವಿಯಲ್ಲೂ ಇತ್ತು, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದು ಹೇಳುತ್ತಲೇ ಇತ್ತು. ತಿರುಗಿದ ಕೂಡಲೇ ಎಲ್ಲಿಂದ ಬಂದೆ ಎಂಬುದು ಅಳಿಸಿಹೋಗುವವಳಿಗೆ ಅದರಿಂದ ಏನು ಪ್ರಯೋಜನ?

ನಮ್ಮ ಕಿವಿಯ ನೇರಕ್ಕೆ, ಮಿದುಳಿನ ಒಳಮಡಿಕೆಯಲ್ಲಿ, ಕಡಲಕುದುರೆಯಂತೆ ಬಾಗಿದ ಒಂದು ಪುಟ್ಟ ಭಾಗವಿದೆ. ಅಲ್ಲಿರುವ ಒಂದೊಂದು ಜೀವಕೋಶಕ್ಕೂ ಒಂದೊಂದು ಜಾಗದ ಗುರುತು. ಅಡುಗೆ ಒಲೆಯ ಮುಂದೆ ನಿಂತಾಗ ಮಿಡಿಯುವ ಕೋಶ ಪಡಸಾಲೆಗೆ ಬಂದರೆ ಸುಮ್ಮನಾಗುತ್ತದೆ, ಅಲ್ಲಿ ಬೇರೊಂದು ಎಚ್ಚರಾಗುತ್ತದೆ. ಇವೇ ಸ್ಥಳಕೋಶಗಳು. ಹಾದಿಪಟ್ಟಿ ಇವುಗಳ ಮಿಡಿತವನ್ನು ಆಲಿಸುತ್ತದೆ. ಬೇಕಾದಾಗ, ಕಿವಿಗೆ ಕೇಳದಷ್ಟು ಸೂಕ್ಷ್ಮ ಧ್ವನಿಯಿಂದ ಅವನ್ನು ತಟ್ಟಿ ಎಬ್ಬಿಸುತ್ತದೆ ಅಥವಾ ಮಲಗಿಸುತ್ತದೆ. ಮೊದಲ ಎರಡು ವರ್ಷ ಇಂಚರಾ ರೋಗಿಗಳ ತಲೆಗೆ ಇಡೀ ಊರನ್ನು ಒಟ್ಟಿಗೇ ತುಂಬಲು ನೋಡಿದ್ದಳು. ಏಳು ಮಂದಿಗೆ ತಲೆಸುತ್ತು, ವಾಂತಿ. ಒಬ್ಬರಿಗೂ ದಾರಿ ಬರಲಿಲ್ಲ.

ಆಗ, ಈಗ್ಗೆ ಎರಡು ವರ್ಷದ ಹಿಂದೆ, ಸಿಕ್ಕವನು ವೈಶಾಖ. ಅರವತ್ತು ದಾಟಿದ ಆರೋಗ್ಯವಂತರನ್ನು ಕರೆಸಿ, ನಿಮಗೆ ಚೆನ್ನಾಗಿ ನೆನಪಿರುವ ಒಂದು ಜಾಗದ ನಕ್ಷೆ ಬರೆಯಿರಿ ಎಂದು ಅವಳು ಕಾಗದ ಕೊಟ್ಟಿದ್ದಳು. ಉಳಿದವರು ಶಾಲೆಯನ್ನೋ ತವರನ್ನೋ ಅಳಿಸಿ ಅಳಿಸಿ ಬರೆದರು. ವೈಶಾಖ ಒಂದೇ ಉಸಿರಿಗೆ ಎರಡು ಖಂಡ, ನಡುವೆ ಒಂದು ಒಳಗಡಲು, ಮರಳುಗಾಡಿನ ಬೆನ್ನಿಗೆ ಅಡಗಿದ ಗವಿ, ದ್ವೀಪದ ಮೇಲೊಂದು ಗೋಪುರ ಬರೆದುಕೊಟ್ಟ.

"ಇದು ಯಾವ ದೇಶ?" ಎಂದು ಕೇಳಿದ್ದಳು ಇಂಚರಾ.

"ದೇಶ ಅಲ್ಲಮ್ಮ, ಆಟ. ಜಪಾನಿನವರ ರೋಲ್‌ಪ್ಲೇ ಆಟ. ನೀವೇ ಒಬ್ಬ ಯಾತ್ರಿಕ ಆಗಿ ಒಂದು ಹಳ್ಳಿಯಿಂದ ಹೊರಟು ಲೋಕ ಎಲ್ಲಾ ಸುತ್ತಬೇಕು. ಹತ್ತನೇ ವಯಸ್ಸಲ್ಲಿ, ಅಣ್ಣನ ಹಳೇ ಯಂತ್ರದಲ್ಲಿ ಆಡಿದ್ದು."

"ಐವತ್ತೆರಡು ವರ್ಷ ಆಯ್ತಲ್ಲ!"

"ಆಯ್ತು. ಹತ್ತೊಂಬತ್ತು ವರ್ಷ ಕ್ಯೋಟೋದಲ್ಲಿ ಅಂಥದೇ ಆಟಗಳಿಗೆ ಭೂಪಟ ಬರೆಯೋ ಕೆಲಸ ಮಾಡಿದೆ. ಆ ಕ್ಯೋಟೋ ಬರಿ ಅಂದ್ರೆ ನನಗೆ ಬರಲ್ಲ. ಇದು ಬರುತ್ತೆ."

ಅವಳು ಅವನನ್ನು ಬಿಡಲಿಲ್ಲ. ವಾರಗಟ್ಟಲೆ ಕೂರಿಸಿಕೊಂಡು ಕೇಳಿದಳು. ಹಾಗೆ ಕೇಳುತ್ತಾ ಕೇಳುತ್ತಾ ಅವಳ ಮನಸ್ಸಿನಲ್ಲಿ, ತಾನೆಂದೂ ಕಾಣದ, ಬಹುಪಾಲು ಸತ್ತೇ ಹೋಗಿದ್ದ ಒಂದಷ್ಟು ಕುಶಲಕರ್ಮಿಗಳ ಬಗ್ಗೆ ಗೌರವ ಬೆಳೆಯಿತು. ಹಿಂದಿನ ಶತಮಾನದ ಕೊನೆಯಲ್ಲಿ ಅವರ ಕೈಗೆ ಸಿಕ್ಕಿದ್ದ ಯಂತ್ರಗಳಿಗೆ ನೆನಪಿನ ಜಾಗ ಎಷ್ಟು ಕಡಿಮೆಯಿತ್ತೆಂದರೆ, ನಾವು ಫೋನಿನಲ್ಲಿ ತೆಗೆಯುವ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಅವರು ಅದರೊಳಗೆ ಕಡಲು, ಘಟ್ಟ, ಕಾಡು, ಇಪ್ಪತ್ತು ಊರುಗಳನ್ನು ಹಿಡಿಸಿದರು. ಮೂರು ಮನೆ ಬರೆದರೆ ಊರು. ಐದು ತ್ರಿಕೋನ ಬರೆದರೆ ಪರ್ವತಸಾಲು. ನಡೆಯುವವನನ್ನು ಊರಿಗಿಂತ ದೊಡ್ಡವನನ್ನಾಗಿ ಬರೆದರು. ಯಾರಿಗೂ ಅದು ತಪ್ಪೆನಿಸಲಿಲ್ಲ. ಉಳಿದದ್ದನ್ನೆಲ್ಲ ಆಡುವವರ ತಲೆ ತುಂಬಿಕೊಂಡಿತು. ನೆನಪಿನ ಜಾಗ ಕುಗ್ಗಿದ ಯಂತ್ರಕ್ಕೆ ಲೋಕವನ್ನು ಹಿಡಿಸುವ ವಿದ್ಯೆ! ತನ್ನ ರೋಗಿಗಳ ಮಿದುಳಿಗೆ ಬೇಕಾದದ್ದು ಅದೇ ಅಲ್ಲವೆ?

ಹಾಲಮ್ಮನಿಗೆ ಮೊದಲ ದಿನ ಕೊಟ್ಟ ಲೋಕದಲ್ಲಿ ಹೊಸಿಲು, ಬೇವಿನ ಮರ, ನಲ್ಲಿ ಇಷ್ಟೇ ಇದ್ದವು. ಅದರಾಚೆಯ ಕೋಶಗಳನ್ನು ಪಟ್ಟಿ ಮಲಗಿಸಿತ್ತು. ಅಲ್ಲಿಗೆ ಬಂದರೆ ಕಾಲು ತಾನಾಗಿ ನಿಲ್ಲುತ್ತಿತ್ತು, ಕೆರೆಯ ಏರಿಯ ತುದಿಗೆ ಬಂದವರಂತೆ.

"ಸುಮ್ನೆ ಗೋಡೆ ಹಾಕಬಾರದು," ಎಂದು ವೈಶಾಖ ಹಟ ಹಿಡಿದಿದ್ದ. "ಆಡೋರಿಗೆ ಅವಮಾನ ಆಗುತ್ತೆ. ಸೇತುವೆ ಮುರಿದಿದೆ, ನಾಳೆ ರಿಪೇರಿ ಆಗುತ್ತೆ ಅನ್ನಬೇಕು. ಆಚೆ ಏನೋ ಒಂದು ಕಾಣ್ತಾ ಇರಬೇಕು. ಕಾಣಬೇಕು, ಇವತ್ತು ಕೈಗೆ ಸಿಗಬಾರದು."

ಆಚೆ ಕಾಣುತ್ತಿದ್ದದ್ದು ನೀರಿನ ದೊಡ್ಡ ಟ್ಯಾಂಕು. "ಅದರ ಹತ್ರ ಯಾವತ್ತು ಬಿಡ್ತೀರಪ್ಪಾ?" ಎಂದು ಹಾಲಮ್ಮ ದಿನಾ ಕೇಳುವಳು. ಮೂರನೇ ತಿಂಗಳು ಬಿಟ್ಟರು. ಅವಳು ಟ್ಯಾಂಕಿನ ಕಂಬಕ್ಕೆ ಕೆನ್ನೆ ಒತ್ತಿಕೊಂಡು ನಿಂತಳು. ಇನ್ನೊಂದು ವಿಷಯಕ್ಕೂ ವೈಶಾಖ ಜಗಳವಾಡಿದ್ದ. ಎಲ್ಲಿಗೂ ಹೋಗದ ಓಣಿಗಳ ಕೊನೆಯಲ್ಲಿ, ಅಂಗಡಿಯವರಿಗೋ ಮನೆಯವರಿಗೋ ಮೊದಲೇ ಹೇಳಿಟ್ಟು, ಅವಳಿಗಾಗಿ ಒಂದು ಮೊಳ ಮಲ್ಲಿಗೆಯೋ ಒಂದು ಬಾಳೆಹಣ್ಣೋ ಇಡಿಸುತ್ತಿದ್ದ. "ತಪ್ಪು ದಾರಿ ಹಿಡಿದೋರಿಗೂ ಏನಾದ್ರೂ ಸಿಗಬೇಕು ಡಾಕ್ಟ್ರೇ. ಇಲ್ದಿದ್ರೆ ಮತ್ತೆ ಯಾರು ಹುಡುಕ್ತಾರೆ?" ಆ ಮಾತನ್ನು ಇಂಚರಾ ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದಳು. ಅದಕ್ಕೆ ವೈಜ್ಞಾನಿಕ ಕಾರಣವನ್ನೂ ಕಂಡುಕೊಂಡಳು: ಅನಿರೀಕ್ಷಿತವಾಗಿ ಸಂತೋಷ ಸಿಕ್ಕ ಜಾಗದ ಕೋಶ ಬೇಗ ಮರೆಯುವುದಿಲ್ಲ. ಆದರೆ ಕಾರಣ ತಿಳಿಯದೆಯೇ ಅದನ್ನು ತಿಳಿದಿದ್ದವರು ಅವಳಿಗೆ ದೊಡ್ಡವರಾಗಿ ಕಂಡರು.

ಈಗ ಗೋಡೆಯ ಮೇಲಿನ ಹೆಂಗಸು ಟ್ಯಾಂಕು ದಾಟಿ, ಸುಣ್ಣದ ಭಟ್ಟಿಯ ರಸ್ತೆ ಹಿಡಿದು, ಏಳು ಐವತ್ತೆರಡಕ್ಕೆ ರೈಲು ಹಳಿಯ ಹತ್ತಿರ ಬಂದಳು. ಹಳಿಯ ಕೆಳಗೆ ಒಂದು ಕೆಳಸೇತುವೆ. ಅದನ್ನು ದಾಟಿದರೆ ಗ್ರಂಥಾಲಯ ಹದಿನೈದು ನಿಮಿಷ.

ಹೆಂಗಸು ನಿಂತಳು.

ಅವಳ ಮುಂದೆ ಬೆಳಕು ಕತ್ತರಿಯಿಂದ ಕತ್ತರಿಸಿದಂತೆ ಮುಗಿದಿತ್ತು.

"ಯಾಕೆ ನಿಂತಳು?" ಇಂಚರಾ ಎದ್ದಳು. "ಕೆಳಸೇತುವೆ ತೆರೆದಿದೆ ತಾನೆ?"

"ತೆರೆದಿರ್ಲೇಬೇಕು," ವೈಶಾಖ ಪೊಟ್ಟಣ ಕೆಳಗಿಟ್ಟ. ವಾಹನಗಳ ಭಯಕ್ಕೆ ಆ ಕೆಳಸೇತುವೆಯನ್ನು ಮೊದಲ ತಿಂಗಳುಗಳಲ್ಲಿ ಹಾಲಮ್ಮನ ಭೂಪಟದಲ್ಲಿ ಮುಚ್ಚಿದ್ದರು. "ಹೋದ ತಿಂಗಳೇ ಬೀಗ ತೆಗೆಯೋ ಹಾಗೆ ಬರೆದಿದ್ದೆ. ಅದರ ಬಾಯಲ್ಲಿ ಮಹಬೂಬನ ಟೀ ಅಂಗಡಿ ಇದೆಯಲ್ಲ, ಅವನನ್ನ ಮಾತಾಡಿಸಿದ ತಕ್ಷಣ ಪಟ್ಟಿ ಆ ಕೋಶಗಳನ್ನ ಎಬ್ಬಿಸುತ್ತೆ."

"ಮಾತಾಡಿಸಿದ್ರೆ ಮಾತ್ರಾನಾ?"

"ನಮ್ಮ ಆಟಗಳಲ್ಲಿ ಹಾಗೇ ಮಾಡೋದು. ದಾರಿ ತೆರೆಯೋದು ಗಡಿಯಾರ ಆಗಬಾರದು, ಮನುಷ್ಯ ಆಗಬೇಕು. ಯಾರೇ ಆಡಲಿ, ದಾರೀಲಿ ಸಿಕ್ಕೋರನ್ನೆಲ್ಲ ಮಾತಾಡಿಸಿಯೇ ಮುಂದೆ ಹೋಗ್ತಾರೆ. ದಿನಾ ಅಲ್ಲಿವರೆಗೂ ಬಂದು ಹೋಗ್ತಾಳಲ್ಲ, ಮಾತಾಡಿಸಿರ್ತಾಳೆ ಅಂದ್ಕೊಂಡೆ."

ಆ ಅಂಗಡಿ ಇಂಚರಾಳಿಗೂ ಗೊತ್ತಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಹತ್ತು ಹನ್ನೆರಡು ಗಂಡಸರು ಗ್ಲಾಸು ಹಿಡಿದು ನಿಂತಿರುವ ಜಾಗ.

"ವೈಶಾಖ್ ಸರ್, ಅಲ್ಲಿ ಹೆಂಗಸರು ನಿಲ್ಲಲ್ಲ."

"ಅಂದ್ರೆ?"

"ಅಂದ್ರೆ ನಿಲ್ಲಲ್ಲ. ಯಾರೂ ಬೇಡ ಅನ್ನಲ್ಲ. ನಿಲ್ಲಲ್ಲ ಅಷ್ಟೆ. ನಾನೂ ಯಾವತ್ತೂ ನಿಂತಿಲ್ಲ."

ವೈಶಾಖ ಗೋಡೆಯ ಕಡೆ ತಿರುಗಿದ. ಸಾವಿರಾರು ಜನ ಆಡಿದ ಭೂಪಟಗಳನ್ನು ಬರೆದವನಿಗೆ ಈ ಒಂದು ತಪ್ಪು ಕಣ್ಣಿಗೆ ಬಿದ್ದಿರಲಿಲ್ಲ. ಇಂಚರಾಳಿಗೆ ಅವನಿಗಿಂತ ತನ್ನ ಮೇಲೇ ಹೆಚ್ಚು ಕೋಪ ಬಂತು. ಆ ಯೋಜನೆಯ ಪ್ರತಿ ಪುಟವನ್ನೂ ಓದಿ ಸಹಿ ಹಾಕಿದವಳು ಅವಳು. ಟೀ ಅಂಗಡಿ ಎಂಬ ಪದವನ್ನೂ ಓದಿದ್ದಳು. ಓದಿ ಮುಂದಿನ ಸಾಲಿಗೆ ಹೋಗಿದ್ದಳು.

ಈಗ ಏನೂ ಮಾಡುವಂತಿರಲಿಲ್ಲ. ಪರೀಕ್ಷೆಯ ಹೊತ್ತಿಗೆ ಪಟ್ಟಿ ಆಲಿಸಬಹುದು, ತಟ್ಟುವಂತಿಲ್ಲ. ಫೋನು ಮಾಡಿದರೆ ಪರೀಕ್ಷೆ ರದ್ದು. ಹಾಲಮ್ಮನ ಹಿಂದೆ ಐವತ್ತು ಹೆಜ್ಜೆ ಅಂತರದಲ್ಲಿ ಮಂಡಳಿಯ ಪರೀಕ್ಷಕ ಅದ್ವಿಕ್ ನಡೆದು ಬರುತ್ತಿದ್ದ.

ಎಂಟು ಗಂಟೆ. ಎಂಟೂ ಐದು. ಗೋಡೆಯ ಮೇಲಿನ ಹೆಂಗಸು ಕತ್ತಲ ಅಂಚಿನಲ್ಲಿ ಮುಂದೆ ಹೋಗುವಳು, ಹಿಂದೆ ಬರುವಳು. ಎಂಟೂ ಎಂಟಕ್ಕೆ ಕೆಳಸೇತುವೆಗೆ ಬೆನ್ನು ಮಾಡಿದಳು.

"ಮನೆಗೆ ಹೊರಟಳು," ಎಂದು ವೈಶಾಖ ಮೆಲ್ಲಗೆ ಹೇಳಿದ.

ಅವಳು ಮನೆಗೆ ಹೋಗಲಿಲ್ಲ. ಎಡಕ್ಕೆ, ಹಳಿಯ ಗುಂಟ, ಪಶ್ಚಿಮಕ್ಕೆ ನಡೆದಳು. ಅತ್ತ ವೈಶಾಖ ಏನನ್ನೂ ಬರೆದಿರಲಿಲ್ಲ. ಚಿಕಿತ್ಸೆಯ ಹನ್ನೊಂದು ತಿಂಗಳಲ್ಲಿ ಅವಳನ್ನು ಯಾರೂ ಆ ಕಡೆ ಕರೆದೊಯ್ದಿರಲಿಲ್ಲ. ಗೋಡೆಯ ಆ ಭಾಗ ಬರೀ ಕಪ್ಪು. ಕಪ್ಪಿನಲ್ಲಿ ಹೆಂಗಸು ಒಂದು ಹೆಜ್ಜೆ ಇಟ್ಟಳು, ಬೆಳಕಿಲ್ಲ. ಎರಡು, ಮೂರು. ಇಂಚರಾ ಮೇಜಿನ ಅಂಚು ಹಿಡಿದುಕೊಂಡಳು.

ಆಗ ಕತ್ತಲಲ್ಲಿ ಒಂದು ಎಳೆ ಮೂಡಿತು. ಬೀದಿಯಲ್ಲ, ಮನೆಯಲ್ಲ. ಎಳೆ ನೀಲಿಯ ಒಂದು ಗೆರೆ. ಅದು ಮುಂದೆ ಹೋಗಿ ಕವಲೊಡೆಯಿತು, ಒಂದು ಕವಲು ಬಾಗಿ ಇನ್ನೊಂದನ್ನು ಸೇರಿತು. ಗೆರೆಯ ಅಕ್ಕಪಕ್ಕದಲ್ಲಿ ಓಣಿಗಳು, ಓಣಿಗಳಲ್ಲಿ ಕಟ್ಟೆಗಳು, ಒಂದು ಗಿರಣಿ, ಒಂದು ಅರಳಿಮರ ತಾವಾಗಿ ಹೊತ್ತಿಕೊಳ್ಳತೊಡಗಿದವು.

"ಇದು ನಾನು ಬರೆದದ್ದಲ್ಲ," ಎಂದ ವೈಶಾಖ.

"ನೀರು," ಎಂದಳು ಇಂಚರಾ. "ಅವಳು ಬೀದಿ ಹುಡುಕ್ತಿಲ್ಲ ಸರ್. ಪೈಪಿನ ಗುಂಟ ಹೋಗ್ತಿದ್ದಾಳೆ."

ಬೀದಿಗಳ ಭೂಪಟ ಸುಟ್ಟುಹೋದ ಮಿದುಳಿನಲ್ಲಿ ನೀರಿನ ಭೂಪಟ ಬೇರೆಲ್ಲೋ ಉಳಿದಿತ್ತು. ಹನ್ನೊಂದು ತಿಂಗಳು ಚೂರು ಚೂರಾಗಿ ಕಲಿತ ಓಣಿಗಳು ಅದರ ಕೈ ಹಿಡಿಯುವಷ್ಟು ಬಲಿತಿದ್ದವು. ವೈಶಾಖ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಅವನಂಥವರ ಪಾಲಿಗೆ ಇದಕ್ಕಿಂತ ದೊಡ್ಡ ಬಹುಮಾನವಿಲ್ಲವಂತೆ: ತಾವು ಬರೆಯದ ದಾರಿಯನ್ನು ಆಡುವವರು ಕಂಡುಕೊಳ್ಳುವುದು.

ಎಂಟೂ ನಲವತ್ತಕ್ಕೆ ನೀಲಿ ಗೆರೆ ರೈಲು ಹಳಿಯನ್ನು ದಾಟಿತು. ಊರಿನ ಮುಖ್ಯ ಪೈಪು ಹಳಿಯ ಮೇಲೆ ಹಾಯುವ ಜಾಗದಲ್ಲಿ ಅದನ್ನು ನೋಡಿಕೊಳ್ಳುವವರಿಗೆಂದು ಕಟ್ಟಿದ ಒಂದು ಸಣ್ಣ ಕಾಲುಸೇತುವೆಯಿತ್ತು. ಹೆಂಗಸು ಈಚೆ ಬಂದಳು. ಇನ್ನು ಇಪ್ಪತ್ತು ನಿಮಿಷ, ದಾರಿಯೂ ಸರಿಯಾಗಿ ಅಷ್ಟೇ. ಇಂಚರಾ ಉಸಿರು ಬಿಡುವಷ್ಟರಲ್ಲಿ ಆ ಪುಟ್ಟ ಹೆಂಗಸು ಗಕ್ಕನೆ ನಿಂತು, ತಿರುಗಿ, ಬಂದ ದಾರಿಯಲ್ಲೇ ವಾಪಸು ಹೊರಟಳು.

"ಅಯ್ಯೋ! ಎಲ್ಲಿಗೆ?"

ಕಾಲುಸೇತುವೆ ಹತ್ತಿ ಇಳಿದಳು. ಆಚೆಯ ಒಂದು ಓಣಿ ಹೊಕ್ಕಳು, ಇನ್ನೊಂದಕ್ಕೆ ಹೋದಳು. ಸ್ವಲ್ಪ ಹೊತ್ತು ನಿಂತಳು. ಮತ್ತೆ ಬಂದಳು. ಒಂಬತ್ತು ಹೊಡೆದಾಗ ಅವಳಿನ್ನೂ ನಾಲ್ಕು ಬೀದಿ ದೂರದಲ್ಲಿದ್ದಳು.

ಇಂಚರಾ ಮತ್ತು ವೈಶಾಖ ಗ್ರಂಥಾಲಯದ ಗೇಟಿಗೆ ಓಡಿದರು. ಒಂಬತ್ತೂ ಒಂಬತ್ತಕ್ಕೆ ಹಾಲಮ್ಮ ತಿರುವಿನಲ್ಲಿ ಕಾಣಿಸಿದಳು, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾ. ಐವತ್ತು ಹೆಜ್ಜೆ ಹಿಂದಿರಬೇಕಾಗಿದ್ದ ಅದ್ವಿಕ್ ಅವಳ ಪಕ್ಕದಲ್ಲೇ ಬರುತ್ತಿದ್ದ. ನಲವತ್ತರ ಗಂಡಸು, ಅಂಗಿ ಬೆವರಿಗೆ ಅಂಟಿತ್ತು, ಒಂದು ಬೂಟು ಕೆಸರಾಗಿತ್ತು.

"ಬಂದ್ನಲ್ಲ ಮೇಡಂ!" ಎಂದಳು ಹಾಲಮ್ಮ. ಗಡಿಯಾರದ ಕಡೆ ನೋಡಿ ಅವಳ ಮುಖ ಇಳಿಯಿತು. "ಹೊತ್ತಾತಾ?"

"ಒಂಬತ್ತು ನಿಮಿಷ," ಎಂದ ಅದ್ವಿಕ್, ಏದುಸಿರು ಬಿಡುತ್ತಾ.

"ಅವರು ಕೆಳಸೇತುವೆ ದಾಟದೆ ಇದ್ದದ್ದು ನಮ್ಮ ತಪ್ಪು," ಇಂಚರಾ ಮುಂದೆ ಬಂದಳು. "ನಾವೇ ಅಲ್ಲಿ..."

"ಅದಿರಲಿ ಮೇಡಂ," ಹಾಲಮ್ಮ ತಡೆದಳು. "ಸುತ್ತಿ ಬಂದ್ರೂ ಹೊತ್ತಿಗೆ ಸರಿಯಾಗೇ ಮುಟ್ತಿದ್ದೆ. ಈ ಸಾಹೇಬ್ರು ಹಿಂದೆ ಕಾಣ್ಲೇ ಇಲ್ಲ. ಎತ್ತ ಹೋದ್ರಪ್ಪಾ ಅಂತ ನೋಡಿದ್ರೆ ಗಿರಣಿ ಓಣ್ಯಾಗೆ ಗೋಡೆಗೆ ಮುಖ ಕೊಟ್ಕಂಡು ನಿಂತವ್ರೆ! ಕಿವ್ಯಾಗಿಂದು ಎಡಕ್ಕೆ ಹೋಗು ಅಂತೈತಂತೆ, ಎಡಕ್ಕೆ ಗೋಡೆ ಐತೆ. ಪಾಪ, ಬಿಟ್ಟು ಹೆಂಗ್ ಬರ್ಲಿ?"

ವೈಶಾಖ ಬಾಯಿಗೆ ಕೈ ಅಡ್ಡ ಹಿಡಿದ.

"ಆ ಓಣಿಗಳು ದಾರಿದನಿಯಲ್ಲಿ ಸರಿಯಾಗಿಲ್ಲ," ಎಂದ ಅದ್ವಿಕ್. ಆಮೇಲೆ ಕಿವಿಯಿಂದ ಆ ಪುಟ್ಟ ಯಂತ್ರ ತೆಗೆದು ಅಂಗೈಯಲ್ಲಿಟ್ಟು ನೋಡಿದ. "ನನಗೆ ಇದಿಲ್ಲದೆ ನಡೆದೇ ಗೊತ್ತಿಲ್ಲ. ಅಲ್ಲಿ ನಿಂತಾಗ ನಿಜವಾಗ್ಲೂ ಭಯ ಆಯ್ತು."

"ಹಂಗಾದ್ರೆ ಆ ಬಳೆ ಯಾರ ಕೈಗೆ ಹಾಕ್ಬೇಕು ಸಾಹೇಬ್ರೇ?" ಎಂದು ಹಾಲಮ್ಮ ಕೇಳಿದಳು.

ಅವನು ನಕ್ಕುಬಿಟ್ಟ. ಪರೀಕ್ಷಕನಿಂದಾದ ವಿಳಂಬವನ್ನು ಕಳೆಯಬೇಕೆಂದು ನಿಯಮದಲ್ಲೇ ಇತ್ತು. ಗೇಟಿನ ಕಂಬದ ಮೇಲೆ ಹಾಳೆ ಇಟ್ಟು ಅದ್ವಿಕ್ ಸಹಿ ಹಾಕಿದ. ಹಾಲಮ್ಮ ಆ ಹಾಳೆಯನ್ನು ಮಡಚಿ ಕುಪ್ಪಸದೊಳಗೆ ಸೇರಿಸಿ, "ನಾನಿನ್ನು ಸಂತಿಗೆ ಹೋಗಿ ಬರ್ತೀನಿ," ಎಂದು ಹೊರಟೇಬಿಟ್ಟಳು. ಎಲ್ಲಿಗೆ, ಯಾವ ದಾರಿಯಲ್ಲಿ ಎಂದು ಯಾರೂ ಕೇಳಲಿಲ್ಲ.

ಇಂಚರಾಳಿಗೆ ಆ ವಾರವೆಲ್ಲ ನೆಮ್ಮದಿ ಇರಲಿಲ್ಲ. ಕೆಳಸೇತುವೆಯ ಬೀಗವನ್ನು ಮರುದಿನವೇ ತೆಗೆದಿದ್ದರು, ಹಾಲಮ್ಮ ಈಗ ದಿನಾ ಅದರಲ್ಲೇ ಓಡಾಡುತ್ತಿದ್ದಳು. ಆದರೆ ತಾವು ಮರೆತ ಇನ್ನೂ ಒಂದು ಗೋಡೆ ಆ ತಲೆಯಲ್ಲಿ ಎಲ್ಲೋ ಉಳಿದಿದ್ದರೆ? ತಾವು ಹಾಕಿದ ಗೋಡೆ ಯಾವುದು, ಸಹಜವಾದ ಖಾಲಿ ಜಾಗ ಯಾವುದು ಎಂದು ಗುರುತಿಸಲು, ಯಾರೂ ಕೈಯಾಡಿಸದ ಆರೋಗ್ಯವಂತ ಮಿದುಳೊಂದರ ಭೂಪಟ ಬೇಕಾಗಿತ್ತು. ಅವಳು ಅದೇ ಊರಿನಲ್ಲಿ ಹುಟ್ಟಿ ಬೆಳೆದವಳು. ಪಟ್ಟಿಯನ್ನು ತನ್ನ ತಲೆಗೇ ಕಟ್ಟಿಕೊಂಡಳು.

ಕಣ್ಣು ಮುಚ್ಚಿ ಕುರ್ಚಿಯಲ್ಲಿ ಕೂತು, ವೈಶಾಖ ಬೀದಿಗಳ ಹೆಸರು ಹೇಳಿದಂತೆ ಮನಸ್ಸಿನಲ್ಲೇ ನಡೆದಳು. ಮನಸ್ಸಿನಲ್ಲಿ ನಡೆದರೂ ಸ್ಥಳಕೋಶಗಳು ಮಿಡಿಯುತ್ತವೆ. ಮೂರು ಗಂಟೆಯ ಮೇಲೆ ಕಣ್ಣು ಬಿಟ್ಟಾಗ ಗೋಡೆ ತುಂಬ ಅವಳ ದಾವಣಗೆರೆ ಹರಡಿತ್ತು. ಶಾಲೆ, ಅಜ್ಜಿಯ ಮನೆ, ಹಾಸ್ಟೆಲು, ಬಟ್ಟೆ ಅಂಗಡಿಗಳ ಬೀದಿ. ಹಾಲಮ್ಮನೂ ಬಂದಿದ್ದಳು, ಏನೋ ಕೇಳಲೆಂದು ಬಂದವಳು ಗೋಡೆ ನೋಡುತ್ತಾ ನಿಂತಿದ್ದಳು.

"ಚೆಂದ ಐತೆ," ಎಂದಳು. ಹತ್ತಿರ ಹೋಗಿ ಬೆರಳಾಡಿಸಿದಳು. "ಟ್ಯಾಂಕು ಇಲ್ಲೈತೆ. ಟ್ಯಾಂಕಿನ ಹಿಂದೆ ನಮ್ಮ ಬೀದಿ ಬರ್ಬೇಕಲ್ಲ. ಎಲ್ಲೈತೆ ಮೇಡಂ ನಮ್ಮ ಬೀದಿ?"

ಟ್ಯಾಂಕಿನ ಹಿಂದೆ ಕಪ್ಪಿತ್ತು. ಮಸುಕಾಗಿ ಕರಗುವ ಕಪ್ಪಲ್ಲ. ಮೂರು ಬೀದಿಗಳಷ್ಟು ಅಗಲಕ್ಕೆ, ಕತ್ತರಿಯಿಂದ ಕತ್ತರಿಸಿದಂಥ ಅಂಚು. ಕೆಳಸೇತುವೆಯ ಮುಂದೆ ಹಾಲಮ್ಮನ ಭೂಪಟದಲ್ಲಿ ಕಂಡಿದ್ದಂಥದೇ.

ಹನ್ನೊಂದು ತಿಂಗಳು ಇಂಚರಾ ಆ ಬೇವಿನ ಮರವನ್ನೂ ನಲ್ಲಿಯನ್ನೂ ಗೋಡೆಯ ಮೇಲೆ ದಿನಾ ನೋಡಿದ್ದಳು. ರೋಗಿಯನ್ನು ಕರೆತರಲು ಸಂಸ್ಥೆಯ ವ್ಯಾನು ಹೋಗುತ್ತಿತ್ತು. ಅವಳು ಹೋಗಿರಲಿಲ್ಲ. ಹೋಗಬಾರದೆಂದು ಅಂದುಕೊಂಡಿದ್ದೂ ಇಲ್ಲ.

"ಇಲ್ಲಿ ನಾನೇನೂ ಮುಚ್ಚಿಲ್ಲ ಡಾಕ್ಟ್ರೇ," ಎಂದ ವೈಶಾಖ, ತನ್ನ ಮೇಲೆ ಆರೋಪ ಬಂದವನಂತೆ.

"ಗೊತ್ತು."

"ಇದನ್ನ ಯಾರು..."

"ಬಿಡ್ರಿ ಮೇಡಂ," ಎಂದಳು ಹಾಲಮ್ಮ. ಅವಳ ದನಿಯಲ್ಲಿ ದೂರು ಇರಲಿಲ್ಲ. ಅವಳಿಗೆ ಇದು ಹೊಸ ವಿಷಯವಾಗಿರಲಿಲ್ಲ. "ಆ ಮೂರು ಬೀದಿಗೆ ಮೂವತ್ತು ವರ್ಷ ನಾನೇ ನೀರು ಬಿಟ್ಟಿದ್ದು. ನಮ್ಮ ಕೇರಿ ಅಂತ ಊರಿಗೆಲ್ಲ ಆದ್ಮೇಲೆ ಅಲ್ಲಿಗೆ ಕಡೇಗೆ ಬರ್ತಿತ್ತು ನೀರು. ನಾಳೆ ಬರ್ರಿ, ಮರದ ಹತ್ರ ನಿಂತಿರ್ತೀನಿ. ಸೀದಾ ದಾರಿ, ಸೇತುವೆಗೀತುವೆ ಏನೂ ಇಲ್ಲ."

"ಬರ್ತೀನಿ," ಎಂದಳು ಇಂಚರಾ.

ಹಾಲಮ್ಮ ಹೋದ ಮೇಲೆ ಅವಳು ಯಂತ್ರಕ್ಕೆ ಇನ್ನೊಂದು ಪ್ರಶ್ನೆ ಕೇಳಿದಳು. ಮಲಗಿದ ಸ್ಥಳಕೋಶದ ಸುತ್ತ ವರ್ಷಕ್ಕೊಂದು ತೆಳುವಾದ ಪದರ ಕಟ್ಟುತ್ತದೆ, ಮರದ ಕಾಂಡದಲ್ಲಿ ಉಂಗುರ ಕಟ್ಟುವ ಹಾಗೆ. ಪಟ್ಟಿ ಅದನ್ನು ಎಣಿಸಬಲ್ಲದು. ಕೆಳಸೇತುವೆಯ ಗೋಡೆಗೆ ಒಂದು ಉಂಗುರವೂ ಕಟ್ಟಿರಲಿಲ್ಲ. ಇದಕ್ಕೆ ಎಷ್ಟು?

ಯಂತ್ರ ಎಣಿಸುತ್ತಿದ್ದಾಗ ಅವಳು ನೆನಪಿಸಿಕೊಳ್ಳಲು ನೋಡಿದಳು. ಯಾರೂ ಅವಳನ್ನು ಹೊಡೆದಿರಲಿಲ್ಲ, ಬೈದಿರಲಿಲ್ಲ. ಅಜ್ಜಿಯ ಮನೆಯ ಮಹಡಿ ಇತ್ತು. ಅಲ್ಲಿಂದ ಟ್ಯಾಂಕು ಕಾಣುತ್ತಿತ್ತು, ಟ್ಯಾಂಕಿನ ಹಿಂದೆ ಬೇವಿನ ಮರಗಳ ತಲೆ, ಹೊಗೆ, ಗಾಳಿಪಟ. ಅಜ್ಜಿ ಒಳ್ಳೆಯವಳು, ಬೀದಿನಾಯಿಗೂ ಅನ್ನ ಇಕ್ಕುವವಳು. ಅಲ್ಲೇನಿದೆ ಎಂದು ಕೇಳಿದ್ದಕ್ಕೆ ಅವಳು ಏನು ಹೇಳಿದ್ದಳು? "ಆ ಕಡೆ ಏನಿಲ್ಲ ಪುಟ್ಟಿ, ಒಳಗೆ ಬಾ." ಅಷ್ಟೇ ಇರಬೇಕು. ಅಥವಾ ಏನೂ ಹೇಳದೆ ಭುಜ ಹಿಡಿದು ಬೇರೆ ಕಡೆ ತಿರುಗಿಸಿರಬೇಕು.

ಮೂವತ್ತಾರು ಉಂಗುರ. ಗೋಡೆಯ ಕೆಳಮೂಲೆಯಲ್ಲಿ ಯಂತ್ರ ಇಸವಿಯನ್ನು ಬರೆಯಿತು: ೨೦೨೬.

ಆ ವರ್ಷದ ಒಂದು ಬೆಳಿಗ್ಗೆ, ಯಾವುದೋ ಊರಿನ ಯಾವುದೋ ಮಹಡಿಯ ಮೇಲೆ ನಿಂತು, ಒಂದು ಮಗು ಕೈ ಚಾಚಿ ಅಲ್ಲೇನಿದೆ ಎಂದು ಕೇಳುತ್ತಿದೆ. ಪಕ್ಕದಲ್ಲಿರುವ ದೊಡ್ಡವರು ಇನ್ನೂ ಉತ್ತರ ಹೇಳಿಲ್ಲ.